ಹನ್ನೆರಡನೆಯ ಮನೆತನ

ಮಾರ್ಚ್ ೩, ಸೋಮವಾರ

ಕ್ಷೇತ್ರಕಾರ್ಯ ಮಾಡುವವರು ಎರಡು ವಹಿ ಇಡಬೇಕು ಎಂದು ಎಂ.ಎ.ಯಲ್ಲಿ ಕಲಿಸಿದ್ದರು. ಒಂದು ಟಿಪ್ಪಣಿಗೆ, ಇನ್ನೊಂದು ಮನಸ್ಸಿನ ಕೊಳೆಗೆ. ಒಂದರದು ಇನ್ನೊಂದಕ್ಕೆ ಹತ್ತಬಾರದು. ಇದು ಕೊಳೆಯ ವಹಿ. ಎಂಟು ವರ್ಷದಲ್ಲಿ ಟಿಪ್ಪಣಿಯವು ಮೂರು ತುಂಬಿವೆ, ಕೊಳೆಯವು ಏಳು. ಇಂದು ಎಂಟನೆಯದರ ಶುಭಾರಂಭ.

ಬಿ.ಎ. ಮೊದಲ ವರ್ಷದ ಎರಡನೇ ಸೆಮಿಸ್ಟರಿಗೆ ‘ಮಾನವಶಾಸ್ತ್ರ ಪರಿಚಯ’ ಇಂದಿನಿಂದ ಶುರು. ನಲವತ್ತೆರಡು ತಲೆ. ಒಬ್ಬರೂ ಈ ವಿಷಯವನ್ನು ಬಯಸಿ ಬಂದವರಲ್ಲ. ಬೇರೆ ಕಡೆ ಸೀಟು ತುಂಬಿದ ಮೇಲೆ ಉಳಿದದ್ದಕ್ಕೆ ಬಂದು ಕೂತವರು. ಮಾನವಶಾಸ್ತ್ರ ಎಂದರೇನು ಎಂದು ಕೇಳಿದೆ. ಮಾನವನ ಅಧ್ಯಯನ ಮಾಡುವ ಶಾಸ್ತ್ರವೇ ಮಾನವಶಾಸ್ತ್ರ ಎಂದು ಒಬ್ಬ ಎದ್ದು ನಿಂತು ಒಪ್ಪಿಸಿದ. ಹಾಗಾದರೆ ಹೋಳಿಗೆಯ ಅಧ್ಯಯನ ಮಾಡುವುದು ಹೋಳಿಗೆಶಾಸ್ತ್ರವೇನಪ್ಪ ಎಂದೆ. ಮುಂದಿನ ಬೆಂಚಿನವರು ಅದನ್ನೂ ಬರೆದುಕೊಂಡರು. ಕೋಣನ ಮುಂದೆ ಕಿನ್ನರಿ ಬಾರಿಸುವುದೇ ನನ್ನ ಉದ್ಯೋಗ. ಅದೂ ಕಾಯಂ ಅಲ್ಲ, ಅತಿಥಿ ಉಪನ್ಯಾಸಕಿ. ಅತಿಥಿ ಅನ್ನುತ್ತಾರೆ, ಸ್ಟಾಫ್‌ರೂಮಿನಲ್ಲಿ ಕೂರಲು ಕುರ್ಚಿ ಕೊಡುವುದಿಲ್ಲ. ಇತಿಹಾಸದ ಮಹಾಶಯರು, ನಿಮ್ಮದು ಮಂಗ್ಯಾನ ವಿಷಯ ಅಲ್ಲೇನ್ರಿ ಎಂದು ಇವತ್ತೂ ಕೇಳಿದರು. ಹೌದ್ರಿ, ಅದಕ್ಕೇ ನಿಮ್ಮ ಹತ್ತಿರ ಕೂಡಾಕ ಬರ್ತೇನಿ ಎಂದೆ. ನಕ್ಕರು. ತಿಳಿದಿರಲಿಕ್ಕಿಲ್ಲ.

ಸಂಜೆ ಗೈಡ್ ಸಾಹೇಬರ ಮನೆಗೆ ಹೋಗಿದ್ದೆ. ಗಿರ್ಮಿಟ್ ತಿನ್ನುತ್ತ ನನ್ನ ಎಂಟು ವರ್ಷದ ದುಡಿಮೆಯ ಪುಟ ತಿರುವಿದರು. ಧಾರವಾಡ ತಾಲೂಕಿನ ಹಳ್ಳಿಗಳಲ್ಲಿ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ಮದುವೆಗಳು: ಅದು ನನ್ನ ವಿಷಯ. ಆ ಪದ್ಧತಿ ಇನ್ನೂ ಬದುಕಿದೆ ಎಂಬುದು ನನ್ನ ವಾದ. ಹನ್ನೊಂದು ಮನೆತನದ ವಂಶಾವಳಿ ಬರೆದಿದ್ದೇನೆ. ಸಾಹೇಬರು ಪುಟದ ಮೇಲೆ ಎಣ್ಣೆಯ ಬೆರಳು ಒತ್ತಿ, ಹನ್ನೊಂದರಾಗೂ ಮದುವಿ ಆಗಿ ಮೂವತ್ತು ವರ್ಷ ಆಗ್ಯಾವ, ಇದು ಇತಿಹಾಸ ಆತು ಎಂದರು. ಈಗ ಆಗುತ್ತಿರುವ ಮದುವೆ ಒಂದು ತೋರಿಸಬೇಕಂತೆ. ಜೂನ್ ಮೂವತ್ತರೊಳಗೆ. ಆಮೇಲೆ ನೋಂದಣಿ ರದ್ದು, ಇನ್ನು ವಿಸ್ತರಣೆ ಇಲ್ಲ. ಪಿಎಚ್.ಡಿ. ಇಲ್ಲದಿದ್ದರೆ ನಾನು ಸಾಯುವತನಕ ಅತಿಥಿ.

ಮಾರ್ಚ್ ೯, ರವಿವಾರ

ಹುಬ್ಬಳ್ಳಿಯಲ್ಲಿ ಅಣ್ಣನ ಹೊಸ ಮನೆಯ ವಾಸ್ತುಶಾಂತಿ. ಅಣ್ಣ ಗುರುಪಾದ ಹತ್ತಿ ವ್ಯಾಪಾರಿ. ಮನೆಯನ್ನೂ ಹತ್ತಿಯ ಅಂಡಿಗೆಯ ಹಾಗೆಯೇ ಕಟ್ಟಿಸಿದ್ದಾನೆ, ಚೌಕ, ಬಿಳಿ, ಗಾಳಿಯಿಲ್ಲ.

ಊಟವಾದ ಮೇಲೆ ವೈನಿ, ಅಣ್ಣನ ಹೆಂಡತಿ, ಬಂದ ಹೆಣ್ಣುಮಕ್ಕಳಿಗೆಲ್ಲ ಉಡಿ ತುಂಬಿದಳು. ಚಿಕ್ಕಪ್ಪನ ಮಗಳಿಗೆ ತುಂಬಿದಳು, ಪಕ್ಕದ ಮನೆಯವಳಿಗೆ ತುಂಬಿದಳು. ನನ್ನ ಮುಂದೆ ಬಂದಾಗ ತಟ್ಟೆ ಎಡಗೈಗೆ ದಾಟಿಸಿ ಕುಂಕುಮವನ್ನಷ್ಟೇ ಹಚ್ಚಿ ಮುಂದಕ್ಕೆ ಹೋದಳು. ಗಂಡನನ್ನು ಬಿಟ್ಟವಳಿಗೆ ಅಕ್ಕಿ ಕೊಟ್ಟರೆ ಮನೆಯ ಕಣಜ ಬರಿದಾಗುತ್ತದೇನೋ. ಒಂಬತ್ತು ವರ್ಷದಿಂದ ಇದೇ. ಅಣ್ಣಂದಿರು ತಂಗಿಯರನ್ನು ತವರಿಗೆ ಕರೆತರುವ ನಾಗರ ಪಂಚಮಿಗೂ ಕರೆಯುವುದಿಲ್ಲ. ನನಗೇನೂ ಅನ್ನಿಸಲಿಲ್ಲ. ಪಾವು ಕೇಜಿ ಅಕ್ಕಿ, ಒಂದು ಕೊಬ್ಬರಿ ಬಟ್ಟಲು, ಯಾರೂ ಹೊಲಿಸಿಕೊಳ್ಳದ ಒಂದು ಜಂಪರ್ ಪೀಸು. ಹೆಣ್ಣನ್ನು ಮನೆಯಿಂದ ಸಾಗಹಾಕಿದ ಪಾಪಕ್ಕೆ ವರ್ಷಕ್ಕೊಮ್ಮೆ ತೆರುವ ಅಗ್ಗದ ದಂಡ ಅದು, ಎರಡನೇ ಅಧ್ಯಾಯದಲ್ಲಿ ವಿವರವಾಗಿ ಬರೆದಿದ್ದೇನೆ. ವೈನಿಯ ತಟ್ಟೆಯಲ್ಲಿ ಆಗ ಇನ್ನೂ ನಾಲ್ಕು ಕೊಬ್ಬರಿ ಬಟ್ಟಲು ಉಳಿದಿದ್ದವು. ಎಣಿಸಬೇಕೆಂದು ಎಣಿಸಿದ್ದಲ್ಲ. ಜಂಪರ್ ಪೀಸು ಮೂರು ಹಳದಿ, ಒಂದು ಕೆಂಪು.

ನನಗೇನೂ ಅನ್ನಿಸಲಿಲ್ಲ.

ಮಾರ್ಚ್ ೨೪, ಸೋಮವಾರ

ಸಿಕ್ಕಿತು!

ಹೋದ ವಾರ ಕ್ಲಾಸಿಗೆ ವಂಶಾವಳಿ ಬರೆಯುವುದನ್ನು ಕಲಿಸಿದೆ. ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ, ಮದುವೆಗೆ ನಡುವೆ ಎರಡು ಗೆರೆ, ಒಡಹುಟ್ಟಿದವರಿಗೆ ಮೇಲೊಂದು ಅಡ್ಡಗೆರೆ. ನಿಮ್ಮ ನಿಮ್ಮ ಮನೆತನದ ಚಾರ್ಟು ಬರೆದು ತರ್ರಿ, ಹತ್ತು ಮಾರ್ಕಿಗೆ ಎಂದೆ. ನನ್ನ ಉದ್ದೇಶ ಬೇರೆಯಿತ್ತು. ನಲವತ್ತೆರಡು ಮನೆಯಲ್ಲಿ ಎಲ್ಲಾದರೂ ಒಂದು ಬದುಕಿರುವ ಮದುವೆ ಬಲೆಗೆ ಬಿದ್ದೀತು ಎಂದು.

ಬಂದ ಚಾರ್ಟುಗಳನ್ನು ನೋಡಿ ತಲೆ ಚಚ್ಚಿಕೊಂಡೆ. ಒಬ್ಬ ತನ್ನ ಅಜ್ಜನನ್ನು ತನ್ನ ತಮ್ಮನನ್ನಾಗಿ ಮಾಡಿದ್ದಾನೆ. ಇನ್ನೊಬ್ಬಳು ಮನೆಯ ಎಮ್ಮೆಗೂ ಒಂದು ವೃತ್ತ ಬರೆದಿದ್ದಾಳೆ. ಆದರೆ ವಿದ್ಯಾ ಎಂಬ ಹುಡುಗಿ, ಮುಗದದಿಂದ ಬಸ್ಸಿಗೆ ಬರುವವಳು, ಕಿಟಕಿ ಕಡೆ ಕೂತು ಒಂದು ಮಾತೂ ಆಡದವಳು, ನಾಲ್ಕು ತಲೆಮಾರನ್ನು ಒಂದು ತಪ್ಪಿಲ್ಲದೆ ಬರೆದಿದ್ದಳು. ಅವಳ ವೃತ್ತಕ್ಕೂ ಅವಳ ತಾಯಿಯ ತಮ್ಮನ ತ್ರಿಕೋನಕ್ಕೂ ನಡುವೆ ಚುಕ್ಕೆ ಚುಕ್ಕೆಯ ಗೆರೆ. ಚುಕ್ಕೆ ಗೆರೆ ನಾನು ಕಲಿಸಿಯೇ ಇಲ್ಲ. ಕರೆದು ಕೇಳಿದೆ.

“ಅದು ಇನ್ನೂ ಆಗಿಲ್ರಿ ಮೇಡಮ್. ಆಗೂದೈತಿ. ಹಿಂಗಾಗಿ ಪೂರ್ತಿ ಎಳೀಲಿಲ್ಲ.”

ನನಗೆ ಆ ಹುಡುಗಿಯನ್ನು ಅಪ್ಪಿಕೊಳ್ಳಬೇಕೆನ್ನಿಸಿತು. ಮಾವನ ಹೆಸರು ಮೈಲಾರಿ, ಮೂವತ್ಮೂರು ವಯಸ್ಸು, ತಾರಿಹಾಳದಲ್ಲಿ ಲೇಥ್ ಮಷೀನು ನಡೆಸುತ್ತಾನೆ. ಹೊರಗೆ ಎಷ್ಟು ಹುಡುಕಿದರೂ ಹೆಣ್ಣು ಸಿಗುತ್ತಿಲ್ಲ. ಅವನ ತಾಯಿಗೆ ಹುಷಾರಿಲ್ಲ, ಕಣ್ಣು ಮುಚ್ಚುವುದರೊಳಗೆ ಮಗನ ಮದುವೆ ನೋಡಬೇಕು. ಹೆಣ್ಣು ಮನೆಯಲ್ಲೇ ಇರುವಾಗ ಹೊರಗೆ ಯಾಕೆ ಹುಡುಕುವುದು ಎಂದು ನಿಂತಿದೆ ಮಾತು. ಆಷಾಢಕ್ಕಿಂತ ಮೊದಲು ನಿಶ್ಚಯ. ಅಂದರೆ ಜೂನ್ ಮೂವತ್ತರೊಳಗೆ! ಹತ್ತಕ್ಕೆ ಹತ್ತು ಕೊಟ್ಟೆ.

ಹುಡುಗಿಯ ಮುಖದಲ್ಲಿ ಏನಿತ್ತೆಂದು ಈಗ ನೆನೆದರೆ ನೆನಪಾಗುತ್ತಿಲ್ಲ. ಅದು ಟಿಪ್ಪಣಿಗೆ ಬೇಕಾಗಿಯೂ ಇಲ್ಲ.

ಏಪ್ರಿಲ್ ೬, ರವಿವಾರ

ಮುಗದ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ಬಿಸಿಲು ಬೆಂಕಿ. ಎಂಟು ವರ್ಷದಿಂದ ಈ ತಾಲೂಕಿನ ಧೂಳು ಕುಡಿದಿದ್ದೇನೆ. ಹಳ್ಳಿಯ ಜನ ಮುಗ್ಧರು ಎಂದು ಪೇಟೆಯಲ್ಲಿ ಕೂತು ಬರೆಯುವವರನ್ನೆಲ್ಲ ಈ ಬಸ್ಸಿನಲ್ಲಿ ನಿಲ್ಲಿಸಬೇಕು.

ಮಾಹಿತಿದಾರರು: ೧೨-ಕ, ಫಕೀರವ್ವ, ಹುಡುಗಿಯ ಅಜ್ಜಿ, ಎಪ್ಪತ್ತರ ಮೇಲೆ. ೧೨-ಖ, ಗುಡ್ಡಪ್ಪ, ಅವಳ ಮಗ, ಹುಡುಗಿಯ ತಂದೆ, ಒಕ್ಕಲುತನ, ನಲವತ್ತೇಳು. ೧೨-ಗ, ಸಂಗವ್ವ, ಗುಡ್ಡಪ್ಪನ ಹೆಂಡತಿ, ಹುಡುಗಿಯ ತಾಯಿ; ಮದುಮಗ ಇವಳ ಬೆನ್ನಿಗೆ ಬಿದ್ದ ತಮ್ಮ. ಗುಡ್ಡಪ್ಪನದು ಮಾತಿಗೆ ಮುಂಚೆ ಕೆಮ್ಮುವ ಜಾತಿ. ಒಂದು ಪ್ರಶ್ನೆಗೆ ಮೂರು ಸಲ ಕೆಮ್ಮಿ, ಅವ್ವನ್ನ ಕೇಳ್ರಿ ಎನ್ನುತ್ತಾನೆ. ಸಂಗವ್ವನಿಗೆ ತವರಿನ ಮಾತು ಬಂತೆಂದರೆ ಮುಖ ಅರಳುತ್ತದೆ. ತಮ್ಮನಿಗೆ ಮಗಳನ್ನು ಕೊಡುವುದು ಅವಳ ಪಾಲಿಗೆ ಸ್ವರ್ಗ.

ಮುದುಕಿ ಬೇರೆಯೇ. ನಾನು ಒಂದು ಪ್ರಶ್ನೆ ಕೇಳಿದರೆ ಅವಳದು ಮೂರು. ಯಾವೂರ್ರಿ ಅಕ್ಕೋರ? ಅಪ್ಪ ಅವ್ವ ಅದಾರೇನು? ಅಣ್ಣ ತಮ್ಮರು ಎಷ್ಟು ಮಂದಿ? ಸಂದರ್ಶನ ಯಾರದು ಎಂದು ನನಗೇ ಗೊಂದಲ. ಗಂಡ ಏನು ಮಾಡುತ್ತಾನೆ ಎಂದಳು. ಬಿಟ್ಟೇನಿ ಎಂದೆ, ಮುಖಕ್ಕೆ ಹೊಡೆದ ಹಾಗೆ. ಇನ್ನು ಕೇಳಲಿಕ್ಕಿಲ್ಲ ಎಂದುಕೊಂಡೆ. ಪಂಚಮಿಗೆ ಅಣ್ಣ ಕರೀತಾನೋ ಇಲ್ಲೋ ಎಂದು ಕೇಳಿದಳು. ಇಂಥ ಪ್ರಶ್ನೆಯನ್ನು ನಾನು ಹನ್ನೊಂದು ಮನೆತನದಲ್ಲಿ ಒಬ್ಬರಿಗೂ ಕೇಳಿಲ್ಲ.

ಹೊರಡುವಾಗ ಮುದುಕಿ ಸೊಸೆಯನ್ನು ಕೂಗಿ ತಟ್ಟೆ ತರಿಸಿದಳು. ನನಗೆ ಗೊತ್ತಾಯಿತು. ತುಂಬಬ್ಯಾಡ್ರಿ, ಹೇಳಿದೆನಲ್ಲ, ಗಂಡನ್ನ ಬಿಟ್ಟಾಕಿ ಎಂದೆ. ಸಂಗವ್ವನ ಕೈ ಅಲ್ಲೇ ನಿಂತಿತು. ಮುದುಕಿ ಅವಳ ಕೈಯಿಂದ ತಟ್ಟೆ ಕಸಿದುಕೊಂಡಳು.

“ಉಡಿ ತವರಮನಿದು. ಗಂಡಂದಲ್ಲ. ಸೆರಗ ಒಡ್ರಿ.”

ನಾನು ತೊಟ್ಟದ್ದು ಚೂಡಿದಾರ. ದುಪಟ್ಟಾ ಒಡ್ಡಿದೆ. ಇದೆಲ್ಲ ಕ್ಷೇತ್ರಕಾರ್ಯದ ಸೌಜನ್ಯ, ಬೇರೇನಿಲ್ಲ. ಬಸ್‌ಸ್ಟಾಪಿಗೆ ಬಂದ ಕೂಡಲೇ ಪ್ಲಾಸ್ಟಿಕ್ ಚೀಲಕ್ಕೆ ಸುರಿದು ಚೀಟಿ ಅಂಟಿಸಿದೆ: ಮಾದರಿ ೪. ಅಕ್ಕಿ, ಕೊಬ್ಬರಿ ಬಟ್ಟಲು ಒಂದು, ಉತ್ತತ್ತಿ ಐದು, ಅರಿಷಿಣದ ಕೊಂಬು ಒಂದು, ಎಲೆ ಅಡಿಕೆ, ಹಸಿರು ಖಣ ಒಂದು.

ಏಪ್ರಿಲ್ ೭, ಸೋಮವಾರ

ಕ್ಲಾಸಿಲ್ಲ. ಮಾದರಿ ೪ರ ಫೋಟೋ ತೆಗೆದೆ, ಐದು ಕೋನದಿಂದ.

ಏಪ್ರಿಲ್ ೨೭, ರವಿವಾರ

ಮತ್ತೆ ಮುಗದ. ಫಕೀರವ್ವ ನನಗೆ ‘ನೀ’ ಅನ್ನತೊಡಗಿದ್ದಾಳೆ. ಯಾವಾಗ ಶುರುವಾಯಿತು ಎಂಬುದೇ ತಿಳಿಯಲಿಲ್ಲ. ಅಕ್ಕೋರ ಹೋಗಿ ಶಾಂಭವಿ ಆದೆ. ಸಂಶೋಧಕಿಗೂ ಮಾಹಿತಿದಾರಳಿಗೂ ನಡುವೆ ಇರಬೇಕಾದ ಅಂತರದ ಬಗ್ಗೆ ನಾನು ವರ್ಷಕ್ಕೆರಡು ಸಲ ಪಾಠ ಮಾಡುತ್ತೇನೆ. ಅಂತರ ಕಾಯಲು ಎದುರಿನವರೂ ಮನಸ್ಸು ಮಾಡಬೇಕು ಎಂದು ಯಾವ ಪಠ್ಯದಲ್ಲೂ ಇಲ್ಲ.

ಹೋದ ಸಲದ ಉಡಿಯ ಅಕ್ಕಿ ಏನು ಮಾಡಿದಿ ಎಂದು ಕೇಳಿದಳು. ಇಟ್ಟಿದ್ದೇನೆ ಎಂದೆ. ಇಡುವುದಕ್ಕಲ್ಲ ಉಣ್ಣುವುದಕ್ಕೆ ಕೊಟ್ಟದ್ದು, ಹುಳ ಹಿಡಿಯುತ್ತದೆ ಎಂದು ಬೈದಳು. ಬೈಸಿಕೊಂಡು ಬಹಳ ದಿನವಾಗಿತ್ತು. ಊಟಕ್ಕೆ ಎಬ್ಬಿಸಿದರು. ಹೊರಗಿನ ಮನೆಗಳಲ್ಲಿ ನಾನು ಚಹಾದ ಹೊರತು ಏನೂ ತೆಗೆದುಕೊಳ್ಳುವುದಿಲ್ಲ, ಅದು ನನ್ನ ನಿಯಮ. ಬದನೆಕಾಯಿ ಎಣಗಾಯಿಗೆ ಗುರೆಳ್ಳು ಹಾಕಿದ್ದರು. ಎರಡು ರೊಟ್ಟಿ ತಿಂದೆ, ನಿಯಮವನ್ನು ಮುಂದಿನ ಸಲದಿಂದ ಪಾಲಿಸಬೇಕು. ಮತ್ತೆ ಉಡಿ. ಈ ಸಲ ಬಸ್‌ಸ್ಟಾಪಿನಲ್ಲಿ ಜನ ಇದ್ದರು, ಹಾಗಾಗಿ ಮನೆಯವರೆಗೂ ದುಪಟ್ಟಾದಲ್ಲೇ ತಂದೆ.

ಮೇ ೧೮, ರವಿವಾರ

ಅದ್ಭುತ ಮಾಹಿತಿ. ಇದು ಗೈಡ್ ಸಾಹೇಬರಿಗೆ ಗಿರ್ಮಿಟ್ ಗಂಟಲಿಗೆ ಸಿಗಿಸುವಂಥದ್ದು.

ನಿಶ್ಚಯದ ವಿಧಿಯ ಬಗ್ಗೆ ಕೇಳಿದ್ದೆ. ಗಂಡಿನ ಕಡೆಯ ಹಿರಿಯರು ಸಕ್ಕರೆಯ ತಟ್ಟೆ ಮುಂದಿಟ್ಟು, ಹೆಣ್ಣು ಕೊಟ್ರೇನು ಎಂದು ಮೂರು ಸಲ ಕೇಳಬೇಕು. ಉತ್ತರ ಕೊಡುವವನು ತಂದೆ ಎಂದು ಬರೆದುಕೊಳ್ಳುತ್ತಿದ್ದೆ, ಫಕೀರವ್ವ ಪೆನ್ನು ಹಿಡಿದ ಕೈಯನ್ನೇ ಹಿಡಿದಳು. ಈ ಮನೆತನದಲ್ಲಿ ತಂದೆ ಆ ಮಾತು ಆಡುವುದಿಲ್ಲವಂತೆ. ತಂದೆಯ ಒಡಹುಟ್ಟಿದವಳು, ಹುಡುಗಿಯ ಸೋದರತ್ತೆ, ‘ಕೊಟ್ಟೇವಿ’ ಅಂದು ಎಲ್ಲರ ಬಾಯಿಗೆ ಸಕ್ಕರೆ ಹಾಕಬೇಕು. ಅವಳು ಅನ್ನದಿದ್ದರೆ ಮಾತು ಅಲ್ಲಿಗೇ ಮುಗಿಯಿತು, ಯಾರೂ ಯಾರಿಗೂ ಅವಮಾನ ಮಾಡಿದ ಹಾಗಲ್ಲ. ಯಾಕೆ ಹೀಗೆ ಎಂದೆ.

“ಅಪ್ಪ ಬೀಗರ ಮಾರಿ ನೋಡ್ತಾನ. ಅತ್ತಿ ಹುಡಿಗಿ ಮಾರಿ ನೋಡ್ತಾಳ. ಆಕೀನೂ ಒಮ್ಮಿ ಕೊಟ್ಟ ಹೆಣ್ಣಲ್ಲಾ.”

ಹಳ್ಳಿಯ ಮುದುಕಿಗೆ ಇಷ್ಟು ಚೊಕ್ಕಟವಾಗಿ ಸೂತ್ರ ಹೇಳಲು ಬರುತ್ತದೆ, ನಮ್ಮ ಪ್ರೊಫೆಸರರಿಗೆ ಮುನ್ನೂರು ಪುಟ ಬೇಕು. ಗುಡ್ಡಪ್ಪನ ಬೆನ್ನಿಗೆ ಒಬ್ಬಳು ತಂಗಿ ಹುಟ್ಟಿ ಐದು ವರ್ಷದವಳಿದ್ದಾಗ ಜ್ವರದಲ್ಲಿ ತೀರಿಕೊಂಡಳಂತೆ. ಹೀಗಾಗಿ ಆ ಜಾಗಕ್ಕೆ ಕಲಘಟಗಿ ಕಡೆಯಿಂದ ದೂರದ ದಾಯಾದಿ ತಂಗಿ ಶೇವಂತೆವ್ವ ಬರುತ್ತಾಳೆ. ತೀರಿಕೊಂಡವಳು ಬದುಕಿದ್ದರೆ ನಿನ್ನ ವಯಸ್ಸೇ ಎಂದಳು ಫಕೀರವ್ವ. ಸತ್ತವರ ವಯಸ್ಸನ್ನು ಇವರು ಹೀಗೇ ಅಂದಾಜಿನಲ್ಲಿ ಹೇಳುತ್ತಾರೆ, ನಂಬುವಂತಿಲ್ಲ. ನಿಶ್ಚಯ ಜೂನ್ ಹದಿನೈದು. ಸೀರೆ ಉಟ್ಟು ಬಾ ಎಂದಳು. ಮೂರನೇ ಸಲ ಉಡಿ.

ಜೂನ್ ೯, ಸೋಮವಾರ

ಕ್ಲಾಸು ಬಿಟ್ಟ ಮೇಲೆ ವಿದ್ಯಾ ಹಿಂದೆ ಬಂದಳು. ಡಿಗ್ರಿ ಮುಗಿಸಿ ಬಿ.ಎಡ್. ಮಾಡಬೇಕಂತೆ. ಮದುವೆಯಾದರೆ ಮುಂದೆ ಓದಿಸುವುದಿಲ್ಲ, ಮೈಲಾರಿಯ ತಾಯಿಯ ಆರೈಕೆಗೆ ಆ ಮನೆಯಲ್ಲಿ ಬೇರೆ ಹೆಂಗಸರಿಲ್ಲ. ನೀವು ಒಂದು ಮಾತು ಹೇಳ್ರಿ ಮೇಡಮ್ ಎಂದಳು. ಮೈಲಾರಿ ಕೆಟ್ಟವನೇನು ಎಂದು ಕೇಳಿದೆ.

“ಕೆಟ್ಟಂವ ಅಲ್ರಿ. ಸಣ್ಣಾಕಿದ್ದಾಗ ನನ್ನ ಹೆಗಲ ಮ್ಯಾಲ ಕುಂದ್ರಿಸಿಕೊಂಡು ಊರೆಲ್ಲಾ ತಿರಗ್ಯಾನ. ಅದಕ್ಕ ಒಲ್ಲೆ ಅಂತೇನ್ರಿ.”

ಒಳ್ಳೆಯ ಉಲ್ಲೇಖ. ಆರನೇ ಅಧ್ಯಾಯಕ್ಕೆ. ಅವಳಿಗೆ ಶಾಸ್ತ್ರ ತಿಳಿಸಿ ಹೇಳಿದೆ: ಅಧ್ಯಯನ ಮಾಡುವವರು ನೋಡುತ್ತಾರೆ, ಬರೆಯುತ್ತಾರೆ, ಕೈ ಹಾಕುವುದಿಲ್ಲ. ಕೈ ಹಾಕಿದರೆ ಅದು ಅಧ್ಯಯನವಲ್ಲ. ನೀನೂ ಪರೀಕ್ಷೆಗೆ ಇದನ್ನು ಬರೆಯಬೇಕಾಗುತ್ತದೆ, ಎರಡನೇ ಘಟಕ ಎಂದೆ. ಆತ್ರಿ ಎಂದು ಹೋದಳು. ಅಳಲಿಲ್ಲ. ಅತ್ತಿದ್ದರೆ ಸಿಟ್ಟಿಗೇಳುವುದಕ್ಕಾದರೂ ಅನುಕೂಲವಿತ್ತು.

ಊಟ ಸೇರಲಿಲ್ಲ. ಕ್ಯಾಂಟೀನಿನ ಎಣ್ಣೆ ಕೆಟ್ಟದ್ದು.

ಜೂನ್ ೧೫, ರವಿವಾರ

ನನ್ನ ಎಂಟು ವರ್ಷ ಒಂದು ತಟ್ಟೆ ಸಕ್ಕರೆಯಲ್ಲಿ ಕರಗಿತು. ಕ್ರಮವಾಗಿ ಬರೆಯುತ್ತೇನೆ.

ಹನ್ನೊಂದಕ್ಕೆ ತಲುಪಿದೆ, ಸೀರೆ ಉಟ್ಟು. ಗಂಡಿನ ಕಡೆಯಿಂದ ಒಂಬತ್ತು ಜನ, ಅವರಲ್ಲಿ ಹಿರಿಯವನು ಮೈಲಾರಿಯ ದೊಡ್ಡಪ್ಪ, ದ್ಯಾಮಣ್ಣ. ಫೋನಿನ ರೆಕಾರ್ಡರ್ ಚಾಲೂ ಮಾಡಿ ದೇವರ ಜಗಲಿಯ ಮೂಲೆಯಲ್ಲಿಟ್ಟೆ. ಗೋಡೆಗೆ ಒರಗಿ ಎಲ್ಲ ಕಾಣುವ ಜಾಗ ಹಿಡಿದೆ. ಹನ್ನೆರಡನೆಯ ಮನೆತನ, ಬದುಕಿರುವ ಮದುವೆ, ಕಣ್ಣಮುಂದೆ. ಇಂಥ ಭಾಗ್ಯ ಯಾವ ಸಂಶೋಧಕಿಗುಂಟು!

ಶೇವಂತೆವ್ವ ಬಂದಿರಲಿಲ್ಲ. ಸಂಗವ್ವ ಎರಡು ಸಲ ಬಾಗಿಲಿಗೆ ಹೋಗಿ ನೋಡಿ ಬಂದಳು. ಹೇಳಿ ಕಳಿಸಿದ್ರೇನು ಎಂದು ಅತ್ತೆಯನ್ನು ಕೇಳಿದಳು. ಫಕೀರವ್ವನಿಗೆ ಕಿವಿ ಕೇಳಿಸಲಿಲ್ಲ. ಆ ಮುದುಕಿಗೆ ಹಿತ್ತಲಲ್ಲಿ ಬೆಕ್ಕು ನಡೆದರೂ ಕೇಳಿಸುತ್ತದೆ. ದ್ಯಾಮಣ್ಣ, ಹೊತ್ತಾತು, ಅತ್ತಿ ಯಾರು, ಕರೀರಿ ಎಂದ. ಆಗ ಫಕೀರವ್ವ ಎದ್ದು ನಡುಮನೆ ದಾಟಿ ಬಂದು ನನ್ನ ಮುಂಗೈ ಹಿಡಿದಳು.

“ಇಕೀನ ಗುಡ್ಡಪ್ಪನ ತಂಗಿ. ಈ ಕೈಲೆ ಮೂರು ಸಲ ಉಡಿ ತುಂಬೇನಿ. ಈ ಮನಿ ಮಗಳಿಕಿ.”

ನಾನು ನಕ್ಕೆ. ನಿಜಕ್ಕೂ ಖುಷಿಯಾಯಿತು, ಭಾಗವಹಿಸಿ ನೋಡುವ ವಿಧಾನ ಎಂದು ಪಠ್ಯದಲ್ಲಿ ಇದೆಯಲ್ಲ, ಅದೇ ನಡೆದುಬಂದು ಕೈ ಹಿಡಿದ ಹಾಗೆ. ಪೇಟೆಯ ಹೆಂಗಸು ಇದಕ್ಕೆ ಹೇಗೆ ಆದಾಳು ಎಂದು ಯಾರಾದರೂ ಕೇಳುತ್ತಾರೆ ಎಂದುಕೊಂಡೆ. ಯಾರೂ ಕೇಳಲಿಲ್ಲ. ಉಡಿ ತುಂಬಿದ ಮೇಲೆ ಮುಗಿಯಿತು. ಗುಡ್ಡಪ್ಪ ಮೂರು ಸಲ ಕೆಮ್ಮಿ, ಹೌದು, ನನ್ನ ತಂಗಿ ಎಂದ. ನನ್ನನ್ನು ಕಂಬಳಿಯ ಮೇಲೆ ಕೂರಿಸಿ ತಟ್ಟೆ ಮುಂದಿಟ್ಟರು.

ಹೆಣ್ಣು ಕೊಟ್ರೇನ್ರಿ ಎಂದು ದ್ಯಾಮಣ್ಣ ಕೇಳಿದ. ಒಂದೇ ಶಬ್ದ ಬೇಕಾಗಿತ್ತು. ಆ ಶಬ್ದದ ಆಚೆ ಪಿಎಚ್.ಡಿ., ಕಾಯಂ ನೌಕರಿ, ಕುರ್ಚಿ. ವಿದ್ಯಾ ನೆಲ ನೋಡುತ್ತಿದ್ದಳು. ಮೈಲಾರಿಯೂ ನೆಲ ನೋಡುತ್ತಿದ್ದ, ಇಸ್ತ್ರಿ ಅಂಗಿಯಲ್ಲಿ, ಉಗುರಿನ ಸಂದಿಯ ಮಷೀನಿನ ಕರಿ ಹೋಗಿರಲಿಲ್ಲ. ಇಬ್ಬರೂ ಯಾರದೋ ಮನೆಯ ಗಾಜು ಒಡೆದು ಸಿಕ್ಕಿಬಿದ್ದ ಮಕ್ಕಳ ಹಾಗೆ ಕೂತಿದ್ದರು. ಎರಡನೇ ಸಲ ಕೇಳಿದ. ನನಗೆ ಹುಬ್ಬಳ್ಳಿಯ ಹಳೆಯ ಮನೆ ನೆನಪಾಯಿತು, ನನ್ನ ಇಪ್ಪತ್ಮೂರನೇ ವಯಸ್ಸು, ಇದೇ ಥರ ನಾನು ನೋಡುತ್ತಿದ್ದ ನೆಲದ ಕಪ್ಪು ಬಿಳಿ ಫರಸಿ. ನಮ್ಮಲ್ಲಿ ಅತ್ತೆಯನ್ನು ಕೇಳುವ ಪದ್ಧತಿ ಇಲ್ಲ. ನಮ್ಮಪ್ಪ ಮೊದಲನೇ ಸಲಕ್ಕೇ ಕೊಟ್ಟೇವಿ ಅಂದಿದ್ದ. ಹತ್ತಿ ವ್ಯಾಪಾರದಲ್ಲೂ ಅವನು ಅಷ್ಟು ಲಗೂ ಒಪ್ಪಿದವನಲ್ಲ. ಆವತ್ತು ಯಾರೂ ನನ್ನ ಮಾರಿ ನೋಡಲಿಲ್ಲ.

ಮೂರನೇ ಸಲ.

“ಇಲ್ರಿ,” ಎಂದೆ. “ನಾ ಕೊಡೂದಿಲ್ಲ. ಹುಡಿಗಿ ಓದಾಕತ್ತಾಳ, ಓದಲಿ.”

ಗದ್ದಲವಾಗುತ್ತದೆ ಎಂದು ಕಾದೆ. ದ್ಯಾಮಣ್ಣ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ. ಅತ್ತಿ ಒಲ್ಲೆ ಅಂದಮ್ಯಾಲ ಮುಗೀತು, ಊಟಕ್ಕ ಹಾಕ್ರಿ ಎಂದ. ಅಷ್ಟೇ. ಸಂಗವ್ವ 'ಊಟಕ್ಕ ಹಾಕೂದೇನು ಇನ್ನ' ಎಂದು ಸೆರಗು ಬಾಯಿಗಿಟ್ಟು ಒಳಗೆ ಹೋದಳು. ಆಮೇಲೆ ಅವಳೇ ಬಡಿಸಿದಳು, ನನ್ನ ಎಲೆಗೆ ಮಾತ್ರ ತುಪ್ಪ ಹಾಕಲಿಲ್ಲ.

ಹಿತ್ತಲಲ್ಲಿ ಫಕೀರವ್ವನನ್ನು ಹಿಡಿದೆ. ನನಗೆ ಮೋಸ ಮಾಡಿದಿ, ಮೊದಲಿಂದ ಇದಕ್ಕೇ ಉಡಿ ತುಂಬಿದೆಯಾ ಎಂದು ಕೇಳಿದೆ. ಕೈ ತೊಳೆಯುತ್ತ ಹೇಳಿದಳು:

“ನಾ ಒಲ್ಲೆ ಅಂದಿದ್ರ ಅತ್ತಿ-ಸೊಸಿ ಜಗಳಾಗ್ತಿತ್ತು. ನೀ ಅಂದಿ, ಪದ್ಧತಿ ಆತು. ಮತ್ತ ಒಲ್ಲೆ ಅನ್ನು ಅಂತ ನಾ ನಿನಗ ಹೇಳಿಕೊಟ್ಟಿದ್ನೇನು? ಕೊಟ್ಟೇವಿ ಅಂದಿದ್ರ ಮದಿವಿ ಆಗ್ತಿತ್ತು.”

ಬಸ್ಸು ತಪ್ಪಿತ್ತು. ಮೈಲಾರಿ ಬೈಕಿನಲ್ಲಿ ಧಾರವಾಡಕ್ಕೆ ಬಿಟ್ಟ. ಇಳಿಸುವಾಗ, ನಮ್ಮವ್ವನ ಮುಂದ ನನಗ ಬಾಯಿಲ್ರಿ ಅಕ್ಕಾರ, ಛಲೋ ಆತು ಎಂದು ಹೇಳಿ ಹೋದ.

ಜೂನ್ ೧೬, ಸೋಮವಾರ

ರೆಕಾರ್ಡಿಂಗ್ ಮೂರು ಸಲ ಕೇಳಿದೆ. ಮಾಹಿತಿಯಾಗಿ ನಾಲ್ಕಾಣೆಗೂ ಬಾಳುವುದಿಲ್ಲ. ಸಂಶೋಧಕಿಯ ದನಿಯೇ ನಡುವೆ ಬಂದು ಎಲ್ಲ ಕೆಡಿಸಿದೆ. ಆ ದನಿ ನನ್ನದೆಂದು ಮೊದಲ ಸಲ ಗುರುತೇ ಸಿಗಲಿಲ್ಲ. ಕತ್ತೆ. ಶುದ್ಧ ಕತ್ತೆ ನಾನು.

ಜುಲೈ ೧, ಮಂಗಳವಾರ

ನೋಂದಣಿ ರದ್ದಾಯಿತು. ನಿನ್ನೆ ಗೈಡ್ ಸಾಹೇಬರಿಗೆ ಎಲ್ಲ ಹೇಳಿದೆ. ಶಾಸ್ತ್ರದ ಮೊದಲನೇ ಪಾಠನೇ ಮರತೀರಲ್ಲ, ಮೂವತ್ತು ವರ್ಷದಾಗ ಇಂಥ ವಿದ್ಯಾರ್ಥಿನಿ ನೋಡಿಲ್ಲ ಎಂದರು. ನೀವು ಮೂವತ್ತು ವರ್ಷದಾಗ ಕುರ್ಚಿ ಬಿಟ್ಟು ಯಾರನ್ನ ನೋಡೀರಿ ಎಂದೆ. ಬಾಗಿಲು ಅವರೇ ತೆಗೆದರು.

ಮನೆಗೆ ಬಂದು ಅತ್ತೆ. ಎಂಟು ವರ್ಷಕ್ಕೆ ಅತ್ತೆ, ಅದನ್ನು ಬರೆಯಲು ಈ ವಹಿಯಲ್ಲಿ ನಾಚಿಕೆಯಿಲ್ಲ. ಆಮೇಲೆ ಹಸಿವಾಯಿತು, ಮನೆಯಲ್ಲಿ ಏನೂ ಇರಲಿಲ್ಲ. ಮಾದರಿ ೪ನ್ನು ಅನ್ನ ಮಾಡಿ ಉಂಡೆ. ಹುಳ ಹಿಡಿಯುವುದರಲ್ಲಿತ್ತು, ಅದಕ್ಕೆ.

ಜುಲೈ ೧೪, ಸೋಮವಾರ

ವಿದ್ಯಾ ಚಾರ್ಟನ್ನು ತಿದ್ದಿ ತಂದಿದ್ದಳು. ಯಾರೂ ಕೇಳಿರಲಿಲ್ಲ. ಚುಕ್ಕೆ ಗೆರೆ ಅಳಿಸಿದ್ದಾಳೆ. ಅವಳ ಅಪ್ಪನ ತ್ರಿಕೋನದ ಪಕ್ಕ, ಐದು ವರ್ಷಕ್ಕೆ ತೀರಿಕೊಂಡವಳ ವೃತ್ತದ ಆಚೆ, ಹೊಸದೊಂದು ವೃತ್ತ, ಮೇಲೆ ಒಡಹುಟ್ಟಿದವರ ಗೆರೆ. ಕೆಳಗೆ ನನ್ನ ಹೆಸರು. ಇದು ತಪ್ಪು ಎಂದು ಹೇಳಿದೆ, ರಕ್ತಸಂಬಂಧವಿಲ್ಲದವರನ್ನು ಆ ಗೆರೆಗೆ ಜೋಡಿಸುವಂತಿಲ್ಲ ಎಂದೆ. ಮೂರು ಮಾರ್ಕು ಕಡಿದೆ. ಆಗಲಿ ಅತ್ತಿ ಎಂದಳು, ನಾಲಿಗೆ ಕಚ್ಚಿಕೊಂಡು ಮೇಡಮ್ ಎಂದಳು.

ಚಾರ್ಟು ಹಿಂದಕ್ಕೆ ಕೊಡುವುದು ಮರೆತುಹೋಯಿತು.

ಜುಲೈ ೨೬, ಶನಿವಾರ

ಮುಗದದಿಂದ ಅಣ್ಣ ಬಂದಿದ್ದಾನೆ. ಹೊರಗೆ ಕುರ್ಚಿಯ ಅಂಚಿಗೆ ಕೂತು ಚಹಾ ಕುಡಿಯುತ್ತಿದ್ದಾನೆ. ಚಪ್ಪಲಿಯ ಕೆಸರು ಮೆಟ್ಟಿಲ ತುಂಬ. ಮೊದಲೇ ಫೋನು ಮಾಡಬೇಕೆಂಬ ಬುದ್ಧಿ ಈ ಜನಕ್ಕೆ ಯಾವ ಕಾಲಕ್ಕೂ ಬರುವುದಿಲ್ಲ.

ಬಾಗಿಲಲ್ಲಿ ನಿಂತು ಮೂರು ಸಲ ಕೆಮ್ಮಿದ.

“ಪಂಚಮಿಗೆ ಕರ್ಯಾಕ ಬಂದೇನಿ, ತಂಗಿ.”

ಪೇಪರು ತಿದ್ದುವುದಿದೆ, ಆಗುವುದಿಲ್ಲ ಎಂದೆ. ತಿದ್ದು, ನಾ ಕುಂತಿರ್ತೇನಿ ಎಂದ. ಎಷ್ಟು ಹೊತ್ತು ಕೂಡ್ತಿ ಎಂದೆ. ಐದೂವರೆ ಬಸ್ಸಿನ ತನಕ, ಅದು ಹೋದರೆ ನಾಳೆ ಎಂದ. ಇಂಥ ಮೊಂಡನ ಜೊತೆ ವಾದ ಮಾಡುವುದು ಹೇಗೆ? ಸಂಗವ್ವ ವೈನಿ ಇನ್ನೂ ಸಿಟ್ಟಿನಲ್ಲಿದ್ದಾಳೇನು ಎಂದು ಕೇಳಿದೆ. ಇದ್ದಾಳಂತೆ. ನಾದಿನಿಯನ್ನು ಕರೆದುಕೊಂಡು ಬರ್ರಿ ಎಂದು ಅವಳೇ ಹೇಳಿ ಕಳಿಸಿದಳಂತೆ, ಬಂದರೆ ನಾನು ಮಾತಾಡಿಸುವುದಿಲ್ಲ ಎಂದೂ ಹೇಳಿದ್ದಾಳಂತೆ. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕಳಿಸಿದ್ದಾಳೆ. ಅವ್ವನಿಗೆ ಮೊಣಕಾಲು ನೋವು, ಆದರೂ ಬೆಳಿಗ್ಗೆಯಿಂದ ಜೋಕಾಲಿಯ ಹಗ್ಗ ಹುಡುಕುತ್ತಿದ್ದಾಳಂತೆ.

ಬಟ್ಟೆ ತುಂಬುತ್ತೇನೆ ಎಂದು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಕಣ್ಣಲ್ಲಿ ನೀರು ಬಂತು, ಮೂರ್ಖಳ ಹಾಗೆ. ಹೊರಗೆ ಅವನಿಗೆ ಕೇಳಿಸಬಾರದೆಂದು ನಳ ಬಿಟ್ಟಿದ್ದೇನೆ. ಪಂಚಮಿ ಎಂಬುದು ಹೆಂಗಸರನ್ನು ಎರಡು ದಿನ ತೂಗಿ ವರ್ಷವಿಡೀ ಸುಮ್ಮನಿರಿಸುವ ಉಪಾಯ ಎಂದು ಎರಡನೇ ಅಧ್ಯಾಯದಲ್ಲಿ ಬರೆದಿದ್ದೆ. ಅದು ಖರೇ ಇದೆ. ಒಂದಕ್ಷರ ತಿದ್ದುವುದಿಲ್ಲ.

ಐದು ಹತ್ತು ಆಯಿತು, ಹೊರಗೆ ಕೆಮ್ಮು ಕೇಳಿಸುತ್ತಿದೆ. ಹಸಿರು ಖಣದ್ದು ಹೊಲಿಸಿದ ಕುಪ್ಪಸ ಎಲ್ಲೋ ಇಟ್ಟೆ, ಸಿಗುತ್ತಿಲ್ಲ. ಎರಡೂ ವಹಿ ಇಲ್ಲೇ ಬಿಟ್ಟು ಹೋಗುತ್ತೇನೆ. ಬರುವಾಗ ಚೀಲದಲ್ಲಿ ಅಕ್ಕಿಗೆ ಜಾಗ ಬೇಕು.